‘ರ’ ಮತ್ತು ಮಣ್ಣಿನ ಅನ್ನ

ಒಂದನೇ ತರಗತಿಯ ಮಗುವಿಗೆ ‘ರ’ ಕಲಿಸುವುದು ಹೇಗೆ ಎಂದು ಯಾವ ಟೀಚರನ್ನು ಕೇಳಿದರೂ ನಾಲ್ಕಾರು ಆಟ ಹೇಳುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ‘ರ’ ಬರೆದು ಗೆರೆಯ ಮೇಲೆಯೇ ಹೆಜ್ಜೆಯಿಟ್ಟು ನಡೆಸುವುದು, ಗೆರೆಗುಂಟ ಹುಣಸೆ ಬೀಜ ಜೋಡಿಸುವುದು, ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ತಿದ್ದಿಸುವುದು, ಕುಂಟೆಬಿಲ್ಲೆಯ ಮನೆಗಳಲ್ಲಿ ಅಕ್ಷರ ಬರೆದು ಕೂಗಿದ ಮನೆಗೆ ಜಿಗಿಸುವುದು. ಎಲ್ಲವೂ ಒಳ್ಳೆಯ ಆಟಗಳೇ. ಆದರೆ ಇವುಗಳ ಮಾತು ಬಂದಾಗ ನಾವು ದೊಡ್ಡವರು ಒಂದು ವಿಷಯವನ್ನು ಯೋಚಿಸದೆ ಒಪ್ಪಿಕೊಂಡುಬಿಟ್ಟಿರುತ್ತೇವೆ: ಅಕ್ಷರವೆಂದರೆ ಕಹಿ ಗುಳಿಗೆ, ಆಟವೆಂದರೆ ಅದನ್ನು ನುಂಗಿಸಲು ಸವರಿದ ಬೆಲ್ಲ. ಈ ಎಣಿಕೆ ಸರಿಯೇ? ಆಟಕ್ಕೂ ಅಕ್ಷರಕ್ಕೂ ಇರುವ ನಂಟು ಅಷ್ಟು ಮೇಲುಮೇಲಿನದೇ?

‘ರ’ವನ್ನೇ ಎತ್ತಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕೋಣೆಯಲ್ಲಿ ಮಗುವಿಗೆ ಮೊದಲು ಸಿಗುವ ಅಕ್ಷರ ‘ಅ’ ಅಲ್ಲ, ‘ರ’. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಶುರು ಮಾಡಿದ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಲಿಕಾ ಏಣಿ, ಮೈಲಿಗಲ್ಲು, ಚಿತ್ರದ ಕಾರ್ಡುಗಳು, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಗೋಡೆಯುದ್ದಕ್ಕೂ ಮಕ್ಕಳ ಕೈಗೆಟುಕುವ ಎತ್ತರದ ಕಪ್ಪುಹಲಗೆ. ಅಲ್ಲಿ ವರ್ಣಮಾಲೆಯ ಸಾಲು ಬಿಟ್ಟು ರ, ಗ, ಸ, ದ, ಅ ಎಂದು ಹೊರಡುತ್ತಾರೆ. ಈ ಐದು ಕೈಗೆ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಸರಸರ, ಗರಗರ, ದರದರ ಎಂದು ಕೂಗಿ ಕುಣಿಯಲೂಬಹುದು.

ಕಂಠದಿಂದ ತುಟಿಯವರೆಗೆ ಉಚ್ಚಾರದ ಜಾಗ ಹಿಡಿದು ವರ್ಗಗಳನ್ನು ಜೋಡಿಸಿದ ವರ್ಣಮಾಲೆ ದೊಡ್ಡ ಬುದ್ಧಿಯ ಕೆಲಸ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಮೊದಲ ತಿಂಗಳ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ. ಅ ಆ ಇ ಈ ಎಂದು ಎಷ್ಟು ತಿದ್ದಿದರೂ ‘ಆ’, ‘ಈ’ ಬಿಟ್ಟರೆ ಓದಲು ಒಂದು ಪದವಿಲ್ಲ. ಪಕ್ಕದಲ್ಲಿ ಇನ್ನೊಂದು ಅಕ್ಷರ ಬಂದು ನಿಂತಾಗಲೇ ಅಕ್ಷರಕ್ಕೆ ಜೀವ.

ನಲಿ-ಕಲಿ ಕೋಣೆಯ ಆಟಗಳಲ್ಲಿ ನಾನು ತುಂಬ ಹೊತ್ತು ನಿಂತು ನೋಡುವುದು ಬೆನ್ನ ಮೇಲೆ ಬರೆಯುವ ಆಟವನ್ನು. ಚಾಪೆಯ ಮೇಲೆ ಇಬ್ಬರು ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಮುಂದಿನ ಹುಡುಗಿ ಕಣ್ಣು ಮುಚ್ಚುತ್ತಾಳೆ. ಹಿಂದಿನವನು ತೋರುಬೆರಳಿನಲ್ಲಿ ಅವಳ ಬೆನ್ನಿನ ಮೇಲೆ ಬರೆಯತೊಡಗುತ್ತಾನೆ. ಕಚಗುಳಿಗೆ ಅವಳು ಒಮ್ಮೆ ಭುಜ ಕೊಡವುತ್ತಾಳೆ, ‘ಇನ್ನೊಂದ್ಸಲ ಬರಿ’ ಅನ್ನುತ್ತಾಳೆ. ಬೆರಳು ಮತ್ತೆ ನಿಧಾನವಾಗಿ ಗುಂಡಗೆ ಸುತ್ತಿ ಬರುತ್ತದೆ. ಇಷ್ಟಕ್ಕೇ ನಿಂತರೆ ಅದು ಸೊನ್ನೆ. ಮೇಲೊಂದು ತಲೆಕಟ್ಟು ಎಳೆದ ಕ್ಷಣ ಅವಳ ಮುಖ ಅರಳಿ, ‘ರ!’ ಎಂದು ಕೂಗುತ್ತಾಳೆ.

ಏನಾಯಿತು ಇಲ್ಲಿ? ಕಣ್ಣು ಮುಚ್ಚಿತ್ತು, ಕಾಗದವಿರಲಿಲ್ಲ, ಬಣ್ಣವಿರಲಿಲ್ಲ. ಚರ್ಮದ ಮೇಲೆ ಹಾದುಹೋದ ಒಂದು ಚಲನೆ ಒಳಗೆಲ್ಲೋ ತಿರುಗಿ ದನಿಯಾಗಿ ಬಾಯಿಂದ ಬಂತು. ಸೀಮೆಸುಣ್ಣದ ‘ರ’ ಕಾಲಿಗೆ ಸಿಕ್ಕಿತ್ತು, ಹುಣಸೆ ಬೀಜದ್ದು ಕೈಗೆ ಸಿಕ್ಕಿತ್ತು, ರಾಗಿಯದು ಬೆರಳ ತುದಿಗೆ. ಇವುಗಳಲ್ಲಿ ನಿಜವಾದ ‘ರ’ ಯಾವುದು? ಯಾವುದೂ ಅಲ್ಲ, ಎಲ್ಲವೂ ಹೌದು. ಬೀಜ ಬಾಚಿ ಡಬ್ಬಿಗೆ ಹಾಕಿದರೂ, ರಾಗಿಯ ತಟ್ಟೆ ಅಲುಗಾಡಿಸಿದರೂ ‘ರ’ ಅಳಿಯುವುದಿಲ್ಲ ಎಂಬುದು ಮಗುವಿಗೆ ಮೆಲ್ಲಗೆ ತಿಳಿಯುತ್ತದೆ. ಹತ್ತು ವಸ್ತುಗಳಲ್ಲಿ ಒಂದೇ ಅಕ್ಷರವನ್ನು ಮಾಡಿಸುವುದರ ನಿಜವಾದ ಲಾಭ ಇದೇ ಎಂದು ನನಗೆ ಅನಿಸುತ್ತದೆ. ವಸ್ತುಗಳನ್ನು ಬದಲಿಸುತ್ತ ಹೋದ ಹಾಗೆ, ವಸ್ತುವಲ್ಲದ ಒಂದು ಸಂಗತಿ ಮಗುವಿನ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ.

ಅದು ಸುಲಭದ ಕೆಲಸವಲ್ಲ. ಹುಟ್ಟಿದಂದಿನಿಂದ ಮಗು ಕಲಿತದ್ದಕ್ಕೆ ಅಕ್ಷರ ತಿರುಗಿ ನಿಲ್ಲುತ್ತದೆ. ಲೋಟ ಬೋರಲಾಗಿದ್ದರೂ ಲೋಟವೇ, ಬೆಕ್ಕು ಎಡಕ್ಕೆ ನೋಡಿದರೂ ಬಲಕ್ಕೆ ನೋಡಿದರೂ ಬೆಕ್ಕೇ, ಅಜ್ಜಿ ಹಣೆಗೆ ಬೊಟ್ಟಿಟ್ಟರೂ ಇಡದಿದ್ದರೂ ಅಜ್ಜಿಯೇ. ‘ರ’ ಹಾಗಲ್ಲ. ಒಳಗೊಂದು ಚುಕ್ಕಿ ಇಟ್ಟರೆ ಅದು ‘ಠ’ ಆಗಿಬಿಡುತ್ತದೆ. ‘ದ’ದ ಕೆಳಗೆ ಒಂದು ಸಣ್ಣ ಗೀರು ಬಿದ್ದರೆ ‘ಧ’. ಇಷ್ಟು ಚಿಕ್ಕ ಗುರುತಿಗೆ ಇಷ್ಟು ದೊಡ್ಡ ಬೆಲೆ ಇರುವ ಲೋಕಕ್ಕೆ ಮಗು ಕಾಲಿಡುತ್ತಿದೆ. ತಿರುಗುಮುರುಗಾಗಿ ಬರೆದ ಮಗುವನ್ನು ಗದರಿಸುವವರು ಇದನ್ನು ಒಂದು ಗಳಿಗೆ ಯೋಚಿಸಬೇಕು. ಒಮ್ಮೆ ಒಳಗೆ ಕಾಲಿಟ್ಟರೆ ಹೊರಗೆ ಬರುವ ದಾರಿಯೂ ಇಲ್ಲ. ‘ರ’ ಗೊತ್ತಾದ ಮೇಲೆ ಅದನ್ನು ಬರೀ ಗೆರೆಯಾಗಿ ನೋಡಲು ನಿಮಗಾಗಲಿ ನನಗಾಗಲಿ ಸಾಧ್ಯವಿಲ್ಲ, ಕಣ್ಣು ಬಿದ್ದೊಡನೆ ದನಿ ಕೇಳಿಸಿಬಿಡುತ್ತದೆ. ಅದೇ ಹೆಗ್ಗಡದೇವನಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿಗೆ ಹೋದರೆ, ಮಲಯಾಳ ಬಾರದವರಿಗೆ ಅಂಗಡಿಗಳ ಬೋರ್ಡಿನಲ್ಲಿ ಸುಳಿಗಳಷ್ಟೇ ಕಾಣುತ್ತವೆ. ಒಂದನೇ ತರಗತಿಯ ಮಗು ನಿಂತಿರುವುದು ಅಲ್ಲಿ.

ಆದರೆ ಆ ಮಗು ಬರಿಗೈಯಲ್ಲಿ ಬಂದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896–1934) ಬರವಣಿಗೆಯ ಬೇರನ್ನು ಮಗುವಿನ ಸನ್ನೆ, ಆಟ, ಚಿತ್ರಗಳಲ್ಲಿ ಹುಡುಕಿದ. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗು, ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಎಂಬುದನ್ನು ಆಗಲೇ ಬಲ್ಲದು. ನಮ್ಮ ಹಿತ್ತಲುಗಳಲ್ಲಿ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅಡುಗೆ ಆಟದಲ್ಲಿ ಮಣ್ಣು ಅನ್ನವಾಗುತ್ತದೆ, ಇಟ್ಟಿಗೆಪುಡಿ ಸಾರಿನ ಪುಡಿ, ಹೊಂಗೆ ಎಲೆ ತಟ್ಟೆ. ‘ಊಟ ಮಾಡಿ’ ಎಂದು ಬಡಿಸುತ್ತಾರೆ, ನಾವು ಚಪ್ಪರಿಸಿ ತಿಂದಂತೆ ಮಾಡಬೇಕು. ನಿಜವಾಗಿ ಬಾಯಿಗೆ ಹಾಕಿಕೊಂಡರೆ ಮೊದಲು ಬೈಯುವುದೂ ಅವರೇ. ಇದು ಮಣ್ಣು ಎಂಬುದೂ ಗೊತ್ತು, ಇದು ಅನ್ನ ಎಂದು ನಾವು ಒಪ್ಪಿಕೊಂಡಿದ್ದೇವೆ ಎಂಬುದೂ ಗೊತ್ತು. ಗುಂಡಗಿನ ಗೆರೆಯೊಂದು ‘ರ’ ಎಂಬ ದನಿಯ ಬದಲಿಗೆ ನಿಲ್ಲುತ್ತದೆ ಎಂದು ನಂಬಲು ಬೇಕಾದದ್ದು ಈ ತಿಳಿವಳಿಕೆಯೇ.

ಆದ್ದರಿಂದ ಆಟ ಅಕ್ಷರದ ಮೇಲೆ ಹೊರಗಿನಿಂದ ಬಂದು ಕೂತದ್ದಲ್ಲ, ಅಕ್ಷರ ಹುಟ್ಟಿದ್ದೇ ಅಲ್ಲಿ. ವ್ಯತ್ಯಾಸ ಒಂದುಂಟು. ಅಡುಗೆ ಆಟದ ಒಪ್ಪಂದ ಇಬ್ಬರು ಗೆಳತಿಯರ ನಡುವಿನದು. ಇಂದು ಅನ್ನವಾದ ಮಣ್ಣು ನಾಳೆ ಲಾಡು ಆಗಬಹುದು, ಬೇಡವಾದರೆ ಎತ್ತಿ ಚೆಲ್ಲಬಹುದು. ‘ರ’ದ ಒಪ್ಪಂದ ಕೋಟಿಗಟ್ಟಲೆ ಜನ ತಲೆಮಾರುಗಳಿಂದ ಉಳಿಸಿಕೊಂಡು ಬಂದದ್ದು. ಅದನ್ನು ಮಗು ಬದಲಿಸುವಂತಿಲ್ಲ. ಟೀಚರು ಮಾಡಬೇಕಾದ ಕೆಲಸ ಇದು: ಒಪ್ಪಂದ ಮಾಡಿಕೊಳ್ಳಲು ಬಲ್ಲ ಮಗುವನ್ನು ಇನ್ನೂ ದೊಡ್ಡದೊಂದು ಒಪ್ಪಂದದೊಳಗೆ ಕರೆದುಕೊಳ್ಳುವುದು. ಬೆದರಿಸಿ ಒಳಗೆ ತಳ್ಳಿದರೆ ಅಕ್ಷರ ಬರಬಹುದು, ಆದರೆ ಅದು ಬೇರೆಯವರದಾಗಿಯೇ ಉಳಿದೀತು.

ಹೀಗೆ ತಳ್ಳಿದ ಕಾಲವೂ ಇತ್ತು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಪಾಠಕ್ರಮ ಇದೆ. ಮಕ್ಕಳು ನೆಲದ ಮರಳಿನಲ್ಲಿ ಬೆರಳಿಂದ ಅಕ್ಷರ ಬರೆದು ಕಲಿಯುತ್ತಿದ್ದರು. ಆಮೇಲೆ ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುಪೆಟ್ಟು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಮರಳು ಮತ್ತು ಬೆರಳನ್ನು ಆ ಶಾಲೆಗಳು ಚೆನ್ನಾಗಿ ಅರಿತಿದ್ದವು, ಇಂದಿನ ರಾಗಿ ತಟ್ಟೆ ಅದರ ಮುಂದುವರಿಕೆಯೇ. ಅದರ ಜೊತೆಗೆ ಛಡಿ ಯಾಕೆ ಬೇಕಾಯಿತು ಎಂದು ಕೇಳಿಕೊಂಡಾಗ ನನಗೆ ಸಂಕಟವಾಗುತ್ತದೆ.

ಆಟದ ಹೆಸರಿನಲ್ಲಿ ನಡೆಯುವುದೆಲ್ಲ ಅಕ್ಷರದ ಆಟವಲ್ಲ ಎಂಬುದನ್ನೂ ಹೇಳಬೇಕು. ‘ಆ’ ಕಲಿಸಲೆಂದು ಇಡೀ ಒಂದು ತರಗತಿ ಆನೆಗೆ ಬಣ್ಣ ತುಂಬಿಸಿದರೆ ಮಗು ಯೋಚಿಸುವುದು ಸೊಂಡಿಲಿನ ಬಗ್ಗೆ, ಮನಸ್ಸಿನಲ್ಲಿ ಉಳಿಯುವುದೂ ಸೊಂಡಿಲೇ. ಮರುದಿನ ಚಿತ್ರವಿಲ್ಲದೆ ‘ಆ’ ಬರೆದು ತೋರಿಸಿದರೆ ಪಿಳಿಪಿಳಿ ನೋಡುತ್ತದೆ. ಆಕಾರವೂ ದನಿಯೂ ಒಟ್ಟಿಗೆ ಸೇರುವ ಕ್ಷಣ ಆಟದೊಳಗೆ ಇರಲೇಬೇಕು. ಬೆನ್ನ ಮೇಲಿನ ಆಟದಲ್ಲಿ ಅದು ಇದೆ. ಐದು ವರ್ಷದ ಕೆಲವು ಮಕ್ಕಳ ನಾಲಗೆಗೆ ‘ರ’ ಹೊರಳುವುದಿಲ್ಲ, ರಾಗಿಗೆ ‘ಲಾಗಿ’ ಎನ್ನುತ್ತವೆ. ಆದರೂ ಬೆನ್ನಿನ ಮೇಲೆ ಬರೆದದ್ದನ್ನು ಸರಿಯಾಗಿ ಗುರುತಿಸಿ ‘ಲ’ ಎಂದು ಕೂಗುತ್ತವೆ. ಅದನ್ನು ತಪ್ಪೆಂದು ಬರೆದುಕೊಳ್ಳಬಾರದು. ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರ ಹಾಡಿಯಿಂದಲೋ, ಬೇರೆ ಕಡೆಯ ಲಂಬಾಣಿ ತಾಂಡಾದಿಂದಲೋ ಬರುವ ಮಗುವಿಗಂತೂ ‘ಅಗಸ’, ‘ಗರಗಸ’ ಎಂಬ ಪದಗಳೇ ಹೊಸವು. ಅದಕ್ಕೆ ಒಪ್ಪಿಕೊಳ್ಳಬೇಕಾದ್ದು ಎರಡು ಪಟ್ಟು, ಟೀಚರು ಕೊಡಬೇಕಾದ ಸಮಯವೂ ಅಷ್ಟೇ.

ನನ್ನ ನಿಜವಾದ ಚಿಂತೆ ಇರುವುದು ಮುಂದಿನ ತರಗತಿಗಳ ಬಗ್ಗೆ. ತಲೆಕಟ್ಟು ಕೊಟ್ಟರೆ ರ, ಇಳಿ ಕೊಟ್ಟರೆ ರಾ, ಗುಡಿಸು ಕೊಟ್ಟರೆ ರಿ ಎಂದು ಕಾಗುಣಿತ ಬರುತ್ತದೆ, ಅದರ ಹಿಂದೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರದ ಕಲಿಕೆ ಮೊದಲ ವರ್ಷಕ್ಕೆ ಮುಗಿಯುವುದಿಲ್ಲ, ಮೂರು-ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ನಲಿ-ಕಲಿ ನಿಲ್ಲುವುದು ಮೂರಕ್ಕೆ. ಬೀಜದ ಡಬ್ಬಿ ಕಪಾಟು ಸೇರುತ್ತದೆ, ‘ಈಗ ನೀವು ದೊಡ್ಡವರು’ ಎನ್ನುತ್ತೇವೆ. ಅದೇ ಹೊತ್ತಿಗೆ, ಚಿರಪರಿಚಿತವಾದ ‘ರ’ ಅರ್ಕಾವತ್ತಿನ ವೇಷದಲ್ಲಿ ಬಂದು ಮಗುವನ್ನು ಕಂಗೆಡಿಸುತ್ತದೆ. ‘ಸೂರ್ಯ’ ಎನ್ನುವಾಗ ‘ರ್’ ದನಿ ‘ಯ’ಕ್ಕಿಂತ ಮೊದಲು, ಬರೆಯುವಾಗ ‘ಯ’ದ ನಂತರ.

ಇದಕ್ಕೂ ಆಟವಿದೆ. ಮೂವರು ಮಕ್ಕಳ ಕೊರಳಿಗೆ ಸೂ, ಯ, ರ್ ಎಂದು ಬರೆದ ರಟ್ಟು ಕಟ್ಟಿ ಸಾಲಾಗಿ ನಿಲ್ಲಿಸಬೇಕು. ‘ರ್’ ನಿಲ್ಲುವುದು ಕೊನೆಯಲ್ಲಿ, ಆದರೆ ದನಿ ಕೊಡಬೇಕಾದ್ದು ‘ಯ’ ಬಾಯಿ ತೆರೆಯುವ ಮೊದಲು. ಮೊದಲ ಸಲ ಎಲ್ಲ ಕಲಸಿ ಹೋಗುತ್ತದೆ, ‘ಸೂ-ಯ-ರ್’ ಎಂದು ಕೂಗಿ ನಗುತ್ತಾರೆ. ‘ರ್’ ಆದವನು ಕೊನೆಯಲ್ಲಿ ಯಾಕೆ ನಿಲ್ಲಬೇಕು ಎಂದು ಜಗಳ ತೆಗೆಯುತ್ತಾನೆ. ‘ನಾವೆಲ್ಲ ಹಾಗೆ ಬರೆಯೋಣ ಅಂತ ಒಪ್ಕೊಂಡಿದ್ದೀವಿ ಕಣಪ್ಪ’ ಎಂದು ಟೀಚರು ಹೇಳುತ್ತಾರೆ. ‘ಯಾರ್ ಮಿಸ್ ಒಪ್ಕೊಂಡಿದ್ದು?’ ಎಂದು ಅವನು ಕೇಳಿದರೆ, ಪಾಠವನ್ನು ಅಲ್ಲಿಗೇ ನಿಲ್ಲಿಸಿ ಆ ಪ್ರಶ್ನೆಗೆ ಕೂತು ಉತ್ತರ ಹೇಳುವಷ್ಟು ಬಿಡುವು ನಾಲ್ಕನೇ ತರಗತಿಯ ವೇಳಾಪಟ್ಟಿಯಲ್ಲಿ ಇರಬೇಕು.