ನಿತ್ಯಪಠನವೂ ಚಿತ್ತಶಾಂತಿಯೂ

ಮುಂದೆ ಬರಬಹುದಾದ ಕಷ್ಟವನ್ನು ಈಗಲೇ ಬಂದಿತೆಂದು ಬಗೆದು ಬೇಯುವುದೇ ಚಿಂತೆಯ ಲಕ್ಷಣ. ಅಂತಹ ಮನಸ್ಸಿಗೆ ನಿತ್ಯಪಠನವು ಔಷಧವೆಂದು ಕೆಲವರೂ, ಕರ್ತವ್ಯದಿಂದ ನುಣುಚಿಕೊಳ್ಳುವ ಹಾದಿಯೆಂದು ಕೆಲವರೂ ಹೇಳುವುದುಂಟು. ಇವುಗಳಲ್ಲಿ ಯಾವುದು ದಿಟ?

ಆಂಗ್ಲ ತತ್ತ್ವಜ್ಞನಾದ ಜಾನ್ ಸ್ಟುಅರ್ಟ್ ಮಿಲ್ಲನನ್ನು 1826ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಘೋರ ವಿಷಾದವು ಕವಿಯಿತು. ಮೂರನೆಯ ವಯಸ್ಸಿನಿಂದಲೇ ಗ್ರೀಕ್ ಕಲಿತವನಿಗೆ ಓದಿನ ಕೊರತೆಯಿರಲಿಲ್ಲ. ಆದರೆ ಆ ಓದು ಬುದ್ಧಿಯನ್ನು ಹರಿತಗೊಳಿಸಿತ್ತೇ ಹೊರತು ಹೃದಯವನ್ನು ಮುಟ್ಟಿರಲಿಲ್ಲ. ಫ್ರೆಂಚ್ ಲೇಖಕ ಮಾರ್ಮೊಂತೆಲನ ಆತ್ಮವೃತ್ತಾಂತದಲ್ಲಿ ತಂದೆಯ ಮರಣದ ಪ್ರಸಂಗವನ್ನೋದಿ ಕಣ್ಣೀರು ಬಂದಾಗ, ತನ್ನೊಳಗು ಬತ್ತಿಲ್ಲವೆಂದು ಅವನಿಗೆ ಅರಿವಾಯಿತು. 1828ರಲ್ಲಿ ವರ್ಡ್ಸ್‌ವರ್ತನ ಕವಿತೆಗಳು ಅವನಿಗೆ ಮದ್ದಾದುವು. ಚೇತರಿಸಿಕೊಂಡವನು ಲೋಕಕ್ಕೆ ಬೆನ್ನು ತಿರುಗಿಸಲಿಲ್ಲ. 1867ರಲ್ಲಿ ಪಾರ್ಲಿಮೆಂಟಿನಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ವಾದಿಸಿದನು.

ಚಿಂತಾಗ್ರಸ್ತನು ‘ನಾನು’ ಎಂಬ ಒಂದೇ ಪುಟವನ್ನು ಮರಳಿ ಮರಳಿ ಓದುತ್ತಿರುವನು. ಸದ್ಗ್ರಂಥವು ಆ ಪುಟವನ್ನು ಮಗುಚಿ ಪರರ ಸುಖದುಃಖಗಳನ್ನು ಮುಂದಿಡುವುದು. ಆಗ ಸ್ವಂತ ದುಃಖವು ಅಳಿಯದಿದ್ದರೂ ಅಳತೆಗೆ ಬರುವುದು. ಕನ್ನಡನಾಡಿನ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ವಾಚನಮಾಡುತ್ತಿದ್ದ ವಾಡಿಕೆಯ ಒಂದು ಫಲವೂ ಇದೇ. ಪಾಂಡವರ ವನವಾಸವನ್ನು ಕೇಳಿದವನಿಗೆ ತನ್ನ ಬಡತನವೊಂದೇ ಜಗತ್ತಿನ ಕಷ್ಟವೆಂದು ತೋರದು. ಚಿಂತೆಯು ದಿನವೂ ಬರುವುದಾದುದರಿಂದ ಓದೂ ದಿನವೂ ನಡೆಯತಕ್ಕುದು.

ಆದರೆ ಓದು ಸಾಲವನ್ನು ತೀರಿಸದು; ರೋಗಿಗೆ ವೈದ್ಯನೂ ಆಗದು. ಮಾಡತಕ್ಕ ಕೆಲಸವನ್ನು ಮುಂದಕ್ಕೆ ಹಾಕಲೆಂದು ತೆರೆದ ಪುಸ್ತಕವು ಚಿಂತೆಯನ್ನು ಬಡ್ಡಿಸಹಿತ ಹಿಂದಿರುಗಿಸುವುದು. ಪುಸ್ತಕವನ್ನು ಮುಚ್ಚಿದವನು ತನ್ನ ಕೆಲಸಕ್ಕೆ ಮೊದಲಿಗಿಂತ ಸ್ಥಿರನಾಗಿ ಏಳುವನೇ ಎಂಬುದೇ ಆ ಓದಿಗೆ ಒರೆಗಲ್ಲು.