ಮುರಿದ ಭಾಗವೇ ಅಪರಾಧಿಯೇ?

ಒಂದು ಕಾರ್ಯ ಕೆಟ್ಟಾಗ ಮನುಷ್ಯನ ದೃಷ್ಟಿ ಮೊದಲು ಹರಿಯುವುದು ಕೆಟ್ಟುಹೋದ ವಸ್ತುವಿನ ಕಡೆಗೆ. ಇಲ್ಲವೇ ಆ ಹೊತ್ತಿನಲ್ಲಿ ಅದು ಯಾರ ಕೈಯಲ್ಲಿತ್ತೋ ಅವರ ಕಡೆಗೆ. ಹಗ್ಗ ಹರಿದರೆ ಹಗ್ಗವನ್ನೂ, ಲೆಕ್ಕ ತಪ್ಪಿದರೆ ಗುಮಾಸ್ತನನ್ನೂ ದೂರುವುದು ಲೋಕರೂಢಿ. ಆದರೆ ಹಗ್ಗಕ್ಕೆ ಅದರ ಶಕ್ತಿಗೆ ಮೀರಿದ ಭಾರವನ್ನು ಕಟ್ಟಿದವರು ಬೇರೆ ಇರಬಹುದಷ್ಟೆ. ಹಾಗಾದರೆ ದೋಷದ ಹೊಣೆ ಯಾರದು? ಈ ಹಳೆಯ ಪ್ರಶ್ನೆಗೆ ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಒಂದು ಸ್ಪಷ್ಟವಾದ ದೃಷ್ಟಾಂತ ದೊರೆಯುತ್ತದೆ.

ಇಂಗ್ಲೆಂಡಿನ ಥೇಮ್ಸ್ ಡಿಟನ್ ಎಂಬಲ್ಲಿದ್ದ ಎ.ಸಿ. ಕಾರ್ಸ್ ಸಂಸ್ಥೆಯು 1953ರಿಂದ 'ಏಸ್' ಎಂಬ ಎರಡು ಆಸನಗಳ ಹಗುರವಾದ ಸ್ಪೋರ್ಟ್ಸ್ ಕಾರನ್ನು ತಯಾರಿಸುತ್ತಿತ್ತು. ಅದಕ್ಕೆ ಅಳವಡಿಸುತ್ತಿದ್ದ ಎಂಜಿನ್ನುಗಳಲ್ಲಿ ಹೆಸರಾದದ್ದು 2 ಲೀಟರಿನ ಬ್ರಿಸ್ಟಲ್ ಎಂಜಿನ್. ಅದರ ತಯಾರಿಕೆ ನಿಂತಾಗ, 1959ರ ಲೆ ಮಾನ್ಸ್ ಪಂದ್ಯವನ್ನು ಗೆದ್ದ ಜೋಡಿಯಲ್ಲಿ ಒಬ್ಬರಾಗಿದ್ದು, ಹೃದ್ರೋಗದ ಕಾರಣ ಸ್ಪರ್ಧೆಯಿಂದ ನಿವೃತ್ತರಾಗಿದ್ದ ಅಮೆರಿಕದ ಕ್ಯಾರಲ್ ಶೆಲ್ಬಿಯವರು 1961ರಲ್ಲಿ ಆ ಸಂಸ್ಥೆಗೆ ಪತ್ರ ಬರೆದರು. ಏಸ್ ಕಾರಿನ ಒಡಲಿಗೆ ಅಮೆರಿಕದ ದೊಡ್ಡ ಎಂಜಿನ್ನನ್ನು ಕೂರಿಸಬೇಕೆಂಬುದು ಅವರ ಸಲಹೆ. ಅದರಂತೆ 1962ರಲ್ಲಿ 4.2 ಲೀಟರಿನ ಫೋರ್ಡ್ ವಿ-8 ಎಂಜಿನ್ ಅದರೊಳಗೆ ಸೇರಿತು. ಶಕ್ತಿ ಸುಮಾರು ಎರಡು ಪಟ್ಟಾಯಿತು. ಚೌಕಟ್ಟನ್ನು ಗಟ್ಟಿಗೊಳಿಸಿ, ಹಿಂದಿನ ಡಿಫರೆನ್ಷಿಯಲ್ಲನ್ನು ಬದಲಿಸಿ, ಹೊಸ ಕಾರಿಗೆ 'ಕೋಬ್ರಾ' ಎಂದು ಹೆಸರಿಟ್ಟರು.

ಆ ಕಾರು ಮೊದಲ ಬಾರಿಗೆ ಪಂದ್ಯಕ್ಕಿಳಿದದ್ದು 1962ರ ಅಕ್ಟೋಬರ್ 13ರಂದು, ಕ್ಯಾಲಿಫೋರ್ನಿಯದ ರಿವರ್‌ಸೈಡ್ ಪಥದಲ್ಲಿ ನಡೆದ ಮೂರು ಗಂಟೆಗಳ ಸ್ಪರ್ಧೆಯಲ್ಲಿ. ಚಾಲಕರು ಬಿಲ್ ಕ್ರೌಸ್. ಪ್ರಬಲವಾದ ಕಾರ್ವೆಟ್ ಕಾರುಗಳನ್ನೂ ಹಿಂದಿಕ್ಕಿ ಕೋಬ್ರಾ ಮುನ್ನಡೆಯಲ್ಲಿತ್ತು. ಅಷ್ಟರಲ್ಲಿ ಹಿಂದಿನ ಚಕ್ರದ ಹಬ್, ಅಂದರೆ ಚಕ್ರವನ್ನು ಅಚ್ಚಿಗೆ ಜೋಡಿಸುವ ಭಾಗ, ಮುರಿದು ಕಾರು ಪಂದ್ಯದಿಂದ ಹೊರಬಿದ್ದಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಇಲ್ಲಿ ಅಪರಾಧಿ ಯಾರು? ಕಣ್ಣಿಗೆ ಕಾಣುವುದು ಮುರಿದ ಹಬ್. ಆದರೆ ಅದರ ಮೇಲೆ ಬಿದ್ದ ಭಾರವನ್ನು ವಿಚಾರಿಸಿ ನೋಡಬೇಕು. ಎಂಜಿನ್ನಿನ ತಿರುಗುಬಲವೆಲ್ಲ ಕೊನೆಗೆ ಹಾದು ಚಕ್ರವನ್ನು ಸೇರುವುದು ಈ ಭಾಗದ ಮೂಲಕವೇ. ತಿರುವುಗಳಲ್ಲಿ ಕಾರಿನ ಪಕ್ಕದ ಒತ್ತಡವನ್ನು ತಾಳಬೇಕಾದುದೂ ಇದೇ. ಎಂಜಿನ್ನಿನ ಬಲ ಹೆಚ್ಚಿತು, ವೇಗ ಹೆಚ್ಚಿತು. ಆ ಹೆಚ್ಚಳವನ್ನು ಹೊರುವ ಸಿದ್ಧತೆ ಮಾತ್ರ ಹಬ್‌ವರೆಗೆ ಸಾಕಷ್ಟು ತಲುಪಿರಲಿಲ್ಲ. ತನ್ನ ಅಳತೆಗೆ ತಕ್ಕಷ್ಟು ದುಡಿದ ವಸ್ತುವನ್ನು ದುರ್ಬಲವೆಂದು ಜರೆಯುವುದು ನ್ಯಾಯವಲ್ಲ. ಒಂದೆಡೆ ಬಲವನ್ನು ಕೂಡಿಸುವವರು, ಆ ಬಲ ಎಲ್ಲೆಲ್ಲಿ ಭಾರವಾಗಿ ಇಳಿಯುವುದೋ ಅಲ್ಲಿಯವರೆಗಿನ ಹೊಣೆಯನ್ನೂ ಹೊರಲೇಬೇಕು.

ಇದಕ್ಕೆ ಒಂದು ಆಕ್ಷೇಪವುಂಟು. ಮುಂಚಿತವಾಗಿ ಎಲ್ಲವನ್ನೂ ಅರಿಯಲು ಸಾಧ್ಯವೇ? ಮೊದಲ ಪಂದ್ಯವೇ ಪರೀಕ್ಷೆಯಲ್ಲವೇ? ಈ ಮಾತಿನಲ್ಲಿ ಸತ್ಯಾಂಶವಿದೆ. ಲೋಹದ ಭಾಗಗಳಲ್ಲಿ ಮತ್ತೆ ಮತ್ತೆ ಬೀಳುವ ಭಾರದಿಂದ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಒಳಗೊಳಗೇ ಬೆಳೆದು, ಒಮ್ಮೆಗೇ ಮುರಿಯುವುದುಂಟು. ನಿನ್ನೆಯವರೆಗೆ ಸರಿಯಾಗಿ ಓಡಿತೆಂಬುದು ನಾಳೆಯ ಭರವಸೆಯಲ್ಲ. ಆದರೆ ಪರೀಕ್ಷೆಯ ಬೆಲೆ ತೆರುವವರು ಯಾರೆಂಬುದನ್ನು ಮರೆಯಲಾಗದು. ಚಕ್ರ ಕೈಕೊಟ್ಟರೆ ಅಪಾಯ ಚಾಲಕನಿಗೆ. ಪಥದ ಮೇಲೆ ಎಣ್ಣೆ ಸೋರಿದರೆ ಜಾರುವವನು ಹಿಂದೆ ಬರುವ ನಿರಪರಾಧಿ. ಆದುದರಿಂದಲೇ ಪಂದ್ಯಕ್ಕೆ ಮುನ್ನ ಪ್ರತಿಯೊಂದು ಕಾರಿನ ಬ್ರೇಕು, ಚಕ್ರ, ಸ್ಟಿಯರಿಂಗ್, ಸೋರಿಕೆಗಳನ್ನು ತಪಾಸಣೆ ಮಾಡುವ ಪದ್ಧತಿಯಿದೆ. ಸಂದೇಹವಿದ್ದೂ ಅದನ್ನು ತಪಾಸಣೆಗಾರರಿಂದ ಮರೆಮಾಚಿ ಕಾರನ್ನು ಇಳಿಸುವವರು ತಮ್ಮ ಕಾರನ್ನಷ್ಟೇ ಅಲ್ಲ, ಪರರ ಪ್ರಾಣವನ್ನೂ ಪಣಕ್ಕಿಡುತ್ತಾರೆ.

ದೋಷವನ್ನು ಹುಡುಕುವ ಕ್ರಮದಲ್ಲಿಯೂ ಪ್ರಾಮಾಣಿಕತೆ ಬೇಕು. ಮಾರ್ಪಡಿಸಿದ ಹಳೆಯ ಕಾರು ಮೊದಲ ಪಂದ್ಯದ ದಿನ ತಡವರಿಸಿದರೆ ಅನುಭವಸ್ಥ ಮೆಕ್ಯಾನಿಕ್ ಮೊದಲು ಕೇಳುವ ಪ್ರಶ್ನೆ, "ಈಚೆಗೆ ಬದಲಿಸಿದ್ದೇನು?" ಎಂಬುದು. ಅನಂತರ ಕಿಡಿ ಬರುತ್ತಿದೆಯೇ, ಪೆಟ್ರೋಲು ತಲುಪುತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ; ಒಂದು ಸಲಕ್ಕೆ ಒಂದನ್ನೇ ತಿದ್ದುತ್ತಾನೆ. ಅವಸರದಿಂದ ಪ್ಲಗ್ಗು, ಕಾರ್ಬ್ಯುರೇಟರು, ಡಿಸ್ಟ್ರಿಬ್ಯೂಟರುಗಳನ್ನು ಒಟ್ಟಿಗೆ ಬದಲಿಸಿದರೆ ಎಂಜಿನ್ ಸರಿಹೋದೀತು, ಕಾರಣ ಮಾತ್ರ ತಿಳಿಯದೆ ಉಳಿಯುತ್ತದೆ. ಕಾರಣ ತಿಳಿಯದ ದೋಷ ಮತ್ತೆ ಮರಳುವ ಸಂಭವವೇ ಹೆಚ್ಚು.

ಶೆಲ್ಬಿಯವರ ತಂಡವು ಹಬ್ಬುಗಳನ್ನು ಹೆಚ್ಚು ಬಲವಾಗಿ ಮಾಡಿಸಿತು. 1963ರ ಆರಂಭದಲ್ಲಿ ಅದೇ ರಿವರ್‌ಸೈಡಿನಲ್ಲಿ ಕೋಬ್ರಾ ಕಾರುಗಳು ಮೊದಲ ಎರಡು ಸ್ಥಾನಗಳನ್ನು ಗಳಿಸಿದವು, 1965ರಲ್ಲಿ ಜಿ.ಟಿ. ವರ್ಗದ ವಿಶ್ವ ಚಾಂಪಿಯನ್ ಪಟ್ಟವೂ ಲಭಿಸಿತು. ಮುರಿದ ಹಬ್ಬಿನ ಜಾಗಕ್ಕೆ ಅಂಥದೇ ಇನ್ನೊಂದನ್ನು ಹಾಕಿ, ಚಾಲಕರನ್ನು ದೂರಿ ಸುಮ್ಮನಾಗಿದ್ದರೆ ಮತ್ತೆ ಅದೇ ಗತಿಯಾಗುತ್ತಿತ್ತು. ಹಾಗೆಂದು ನಂತರದ ಗೆಲುವು ಮೊದಲಿನ ಉಪೇಕ್ಷೆಯನ್ನು ತೊಳೆಯುವುದೂ ಇಲ್ಲ. ಅಂದು ಚಾಲಕರ ಪ್ರಾಣಕ್ಕೆ ಅಪಾಯವಾಗಿದ್ದರೆ ಯಾವ ಪಟ್ಟವೂ ಅದಕ್ಕೆ ಪರಿಹಾರವಾಗುತ್ತಿರಲಿಲ್ಲ.

ಈ ನ್ಯಾಯವು ಅಂಗಡಿಗೂ ಸಂಸ್ಥೆಗೂ ಸಮಾನವಾಗಿ ಸಲ್ಲುತ್ತದೆ. ವಹಿವಾಟು ಇಮ್ಮಡಿಯಾಗುತ್ತದೆ, ಶಾಖೆಗಳು ಏಳುತ್ತವೆ. ಲೆಕ್ಕ ಬರೆಯುವವನು ಮಾತ್ರ ಹಳೆಯ ಒಬ್ಬನೇ. ವರ್ಷಾಂತ್ಯದಲ್ಲಿ ತಪ್ಪು ಕಂಡುಬಂದರೆ ಅವನನ್ನು ಬಿಡಿಸಿ ಇನ್ನೊಬ್ಬನನ್ನು ಅದೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವನು ಹಣ ಕದ್ದಿದ್ದರೆ ಮಾತು ಬೇರೆ. ಹೊರಲಾರದೆ ಸೋತಿದ್ದರೆ ಹೊಣೆ ಭಾರ ಹೇರಿದವರದು. ಹಾಗಾಗಿ ವಿಸ್ತರಣೆಯನ್ನು ನಿಶ್ಚಯಿಸುವ ಸಭೆಯಲ್ಲಿಯೇ, ಈ ಹೆಚ್ಚಿನ ಭಾರ ಕೊನೆಗೆ ಯಾರ ಹೆಗಲ ಮೇಲೆ ಬೀಳುವುದೆಂದು ಕೇಳಿ, ಆ ಹೆಗಲಿನವನನ್ನೂ ಕರೆಸಿ ವಿಚಾರಿಸುವುದು ಹಿರಿಯರಾದವರ ಕರ್ತವ್ಯ.