ಎರಡನೇ ಸಲಕ್ಕೆ ಸ್ಟಾರ್ಟ್ ಆಯ್ತಲ್ಲ!

ಲ್ಯಾಪ್‌ಟಾಪ್ ಹ್ಯಾಂಗ್ ಆದ್ರೆ ರೀಸ್ಟಾರ್ಟ್ ಮಾಡ್ತೀವಿ, ಸರಿಹೋಗುತ್ತೆ, ಮರೆತುಬಿಡ್ತೀವಿ. ಯಾಕೆ ಹ್ಯಾಂಗ್ ಆಯ್ತು ಅಂತ ಯಾರೂ ಕೇಳಲ್ಲ. ಕೇಳಬೇಕಾಗಿಯೂ ಇಲ್ಲ ಬಿಡಿ. ಇದೇ ಅಭ್ಯಾಸವನ್ನು ಹೆಲಿಕಾಪ್ಟರಿನ ಟರ್ಬೈನ್ ಎಂಜಿನ್ ಮುಂದೆ ತಂದರೆ? ಮೇಲ್ನೋಟಕ್ಕೆ ಇದು ಮೆಕ್ಯಾನಿಕ್‌ಗೆ ಕೇಳಬೇಕಾದ ಪ್ರಶ್ನೆ. ಸ್ವಲ್ಪ ಕೆದಕಿದರೆ ನೀತಿಯ ಪ್ರಶ್ನೆ.

ಬೆಲ್ 206 ಜೆಟ್‌ರೇಂಜರ್ ಅನ್ನೋ ಪುಟ್ಟ ಹೆಲಿಕಾಪ್ಟರನ್ನೇ ತಗೊಳ್ಳಿ. ಅದರ ಆಲಿಸನ್ 250 ಎಂಜಿನ್‌ಗೆ ಇರೋದು ಒಂದೇ ದಹನಕೋಣೆ, ಇಂಧನ ಚಿಮ್ಮಿಸಲು ಒಂದೇ ನಾಝಲ್. ಪೈಲಟ್ ಸ್ಟಾರ್ಟರ್ ಒತ್ತುತ್ತಾನೆ, ಬ್ಯಾಟರಿಯ ಬಲದಲ್ಲಿ ಕಂಪ್ರೆಸರ್ ತಿರುಗುತ್ತೆ. ವೇಗ ಶೇ. 12-15ಕ್ಕೆ ಬಂದಾಗ ಥ್ರಾಟಲ್ ತಿರುಚಿ ಇಂಧನ ಬಿಡುತ್ತಾನೆ. ಬೆಂಕಿ ಹತ್ತಿದ ಮೇಲೆ ಕಣ್ಣು ತಾಪಮಾನದ ಮುಳ್ಳಿನ ಮೇಲೆ. ಸಿ20ಜೆ ಮಾದರಿಯಲ್ಲಿ ಅದು 810 ಡಿಗ್ರಿ ಸೆಲ್ಸಿಯಸ್ ದಾಟಿದರೆ 10 ಸೆಕೆಂಡಿಗಿಂತ ಹೆಚ್ಚು ಅಲ್ಲಿರುವಂತಿಲ್ಲ. 927 ಕೊನೆಯ ಗೆರೆ.

ಮುಳ್ಳು ಆ ಗೆರೆಯತ್ತ ಓಡತೊಡಗಿದರೆ ಥ್ರಾಟಲ್ ಮುಚ್ಚಬೇಕು, ಆದರೆ ಸ್ಟಾರ್ಟರ್ ಬಿಡಬಾರದು. ಗಾಬರಿಯಾದ ಕೈ ಎರಡನ್ನೂ ಬಿಡಲು ಹೋಗುತ್ತೆ. ಒಳಗಿನ ಬೆಂಕಿಯನ್ನು ಹೊರದಬ್ಬಿ ತಣ್ಣಗಾಗಿಸೋದು ಗಾಳಿ. ಗಾಳಿ ಬರಬೇಕಾದರೆ ಕಂಪ್ರೆಸರ್ ತಿರುಗುತ್ತಿರಬೇಕು.

ಇನ್ನೊಂದು ತೊಂದರೆ ಹಂಗ್ ಸ್ಟಾರ್ಟ್. ಬೆಂಕಿ ಹತ್ತಿದೆ, ಆದರೆ ಎಂಜಿನ್ ಅರ್ಧದಾರಿಯಲ್ಲೇ ಮುನಿಸಿಕೊಂಡು ನಿಂತಿದೆ. ಎಲ್ಲರ ಬೆರಳೂ ಮೊದಲು ಫ್ಯೂಯೆಲ್ ಕಂಟ್ರೋಲ್ ಯೂನಿಟ್ ಕಡೆ. ಪಾಪ, ಅದು ಎಷ್ಟು ಇಂಧನ ಬಿಡಬೇಕು ಅಂತ ತೀರ್ಮಾನಿಸೋದು ಕಂಪ್ರೆಸರ್ ಗಾಳಿಯ ಒತ್ತಡ ನೋಡಿ. ಆ ಒತ್ತಡ ತರುವ ತೆಳು ಕೊಳವೆಯ ನಟ್ ಸಡಿಲವಾಗಿ ಗಾಳಿ ಸೋರಿದರೆ ಯೂನಿಟ್‌ಗೆ ಸುಳ್ಳು ಸುದ್ದಿ ಮುಟ್ಟುತ್ತೆ, ಅದು ಪ್ರಾಮಾಣಿಕವಾಗಿ ಕಡಿಮೆ ಇಂಧನ ಬಿಡುತ್ತೆ. ಬ್ಯಾಟರಿ ಸೊರಗಿರಬಹುದು, ನಾಝಲ್‌ಗೆ ಕಾರ್ಬನ್ ಕಟ್ಟಿರಬಹುದು. ಅಥವಾ ಇಂಧನದ ಲೈನಿನಲ್ಲಿ ಗಾಳಿ ಸೇರಿಕೊಂಡಿರಬಹುದು.

ಈ ಕೊನೆಯದೇ ಕಿಲಾಡಿ. ಒಂದೆರಡು ಪ್ರಯತ್ನದಲ್ಲಿ ಗಾಳಿ ತಾನಾಗಿಯೇ ಹೊರಟುಹೋಗಿ ಎಂಜಿನ್ ಸಲೀಸಾಗಿ ಹತ್ತಿಕೊಳ್ಳಬಹುದು. ಆದರೆ ಆ ಗಾಳಿ ಬಂದಿದ್ದೆಲ್ಲಿಂದ? ಫಿಲ್ಟರ್ ಬದಲಿಸಿದಾಗ ಉಳಿದದ್ದಾದರೆ ಕಥೆ ಮುಗೀತು. ಹೆಲಿಕಾಪ್ಟರ್ ನಿಂತಿದ್ದಾಗ ಯಾವುದೋ ಸಡಿಲ ಜೋಡಣೆಯಿಂದ ನುಸುಳಿದ್ದಾದರೆ ನಾಳೆಯೂ ನುಸುಳುತ್ತೆ. ಪೈಲಟ್ ಸೀಟಿನಿಂದ ನೋಡಿದರೆ ಎರಡೂ ಒಂದೇ ಥರ. ಹಿಂದೆ ಪ್ರಯಾಣಿಕರು ವಾಚ್ ನೋಡುತ್ತಿದ್ದಾರೆ. ‘ಸ್ಟಾರ್ಟ್ ಆಯ್ತಲ್ಲ, ಹೋಗೋಣ’ ಅನ್ನಿಸೋದು ಸಹಜ.

ಇಂಗ್ಲಿಷ್ ಗಣಿತಜ್ಞ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್ 1877ರಲ್ಲಿ ‘ದಿ ಎಥಿಕ್ಸ್ ಆಫ್ ಬಿಲೀಫ್’ ಅನ್ನೋ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕನ ಕಥೆ ಹೇಳ್ತಾನೆ. ಹಡಗು ಹಳೆಯದು, ಮಾಲೀಕನಿಗೆ ಅನುಮಾನ. ಇಷ್ಟು ಸಲ ಹೋಗಿಬಂದಿದೆ, ಈಗಲೂ ಬರುತ್ತೆ ಅಂತ ತನ್ನನ್ನೇ ನಂಬಿಸಿಕೊಂಡು ಕಳಿಸ್ತಾನೆ. ಹಡಗು ಮುಳುಗುತ್ತೆ. ಆಮೇಲೆ ಕ್ಲಿಫರ್ಡ್ ಕಥೆಯನ್ನೇ ತಿರುಗಿಸ್ತಾನೆ: ಮುಳುಗದೆ ದಡ ಸೇರಿದ್ದರೆ? ಆಗಲೂ ಮಾಲೀಕನ ತಪ್ಪು ಎಳ್ಳಷ್ಟೂ ಕಡಿಮೆಯಾಗಲ್ಲ ಅನ್ನೋದು ಅವನ ವಾದ. ಫಲಿತಾಂಶ ಚೆನ್ನಾಗಿತ್ತು ಅಂದಮಾತ್ರಕ್ಕೆ ನಿರ್ಧಾರ ಸರಿಯಿತ್ತು ಅಂತಲ್ಲ. ಅಪ್ರೈಸಲ್ ಸೀಸನ್ನಿನಲ್ಲಿ ನಮ್ಮ ಆಫೀಸುಗಳು ಇದನ್ನು ಒಪ್ಪಲ್ಲ, ಅದು ಬೇರೆ ಮಾತು.

ಇಲ್ಲಿವರೆಗೆ ನಾನು ಕ್ಲಿಫರ್ಡ್ ಪಕ್ಷ. ಆದರೆ ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರೂ, ಎಂದೂ, ಏನನ್ನೂ ನಂಬಬಾರದು ಅಂತ ಅವನು ಹಟ ಹಿಡಿದಾಗ ನನಗೆ ಕಷ್ಟವಾಗುತ್ತೆ. ಪ್ರತಿ ಬೆಳಿಗ್ಗೆ ಎಂಜಿನ್ ಬಿಚ್ಚಿ ನೋಡೋಕಾಗುತ್ತಾ? ಪೈಲಟ್ ಹಾರುವುದೇ ಬೇರೆಯವರ ಸಹಿಗಳನ್ನು ನಂಬಿ. ಹಾಗಿರುವಾಗ ಅವನ ಪಾಲಿನದ್ದು ಅನುಮಾನವನ್ನು ಸೊನ್ನೆ ಮಾಡೋದಲ್ಲ, ಅದನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳದಿರೋದು. ಅಂದರೆ, ಲಾಗ್‌ಬುಕ್‌ನಲ್ಲಿ ಬರೆಯೋದು.

ಅದಕ್ಕೆ ಬೆಲೆ ಇದೆ. ತಾಪಮಾನ ಮಿತಿ ದಾಟಿತು ಅಂತ ಬರೆದರೆ ತಪಾಸಣೆ, ಖರ್ಚು, ಆ ದಿನದ ಫ್ಲೈಟ್ ಕ್ಯಾನ್ಸಲ್, ಮಾಲೀಕರ ಫೋನ್. ಬರೆಯದಿದ್ದರೆ? ಅತಿಯಾಗಿ ಕಾದ ಟರ್ಬೈನ್ ಬ್ಲೇಡಿನ ಆಯಸ್ಸು ಕಡಿಮೆಯಾಗಿರುತ್ತೆ, ಆದರೆ ಅದು ಕಣ್ಣಿಗೆ ಕಾಣಬೇಕೆಂದೇನಿಲ್ಲ. ಹಳೇ ಮುಳ್ಳಿನ ಮೀಟರ್ ಏನನ್ನೂ ನೆನಪಿಟ್ಟುಕೊಳ್ಳಲ್ಲ. ಕಾಕ್‌ಪಿಟ್‌ನಲ್ಲಿ ಇರುವವನು ಒಬ್ಬನೇ. ಹೊಸ ಡಿಜಿಟಲ್ ಮೀಟರುಗಳು ಮಿತಿ ದಾಟಿದ್ದನ್ನು ತಾವೇ ದಾಖಲಿಸುತ್ತವೆ. ಅಲ್ಲಿ ಬರೆಯುವವನನ್ನು ಪ್ರಾಮಾಣಿಕ ಅನ್ನಬೇಕೋ ಜಾಣ ಅನ್ನಬೇಕೋ ನನಗೆ ಗೊತ್ತಾಗಲ್ಲ.

ಮರುದಿನ ಬೆಳಿಗ್ಗೆ ಬರುವ ಪೈಲಟ್ ಬೇರೆ. ಅವನು ಹಿಂದಿನ ಪುಟ ತೆರೀತಾನೆ. ‘ಮೊದಲ ಪ್ರಯತ್ನ ವಿಫಲ, ಎರಡನೆಯದಕ್ಕೆ ಸ್ಟಾರ್ಟ್’ ಅಂತಿದ್ದರೆ ಬಟನ್ ಒತ್ತುವ ಮುಂಚೆ ಮೆಕ್ಯಾನಿಕ್‌ನ ಕೂಗಿ ಆ ಜೋಡಣೆಗಳನ್ನು ನೋಡಿಸ್ತಾನೆ. ಏನೂ ಬರೆದಿಲ್ಲದಿದ್ದರೆ ಪುಟ ಮುಚ್ಚಿ ಹತ್ತಿ ಕೂರ್ತಾನೆ.